ಖಾಲಿ ಎಂದು ಬಣ್ಣ ಹಚ್ಚಿದ ಕಟ್ಟಡ

ಚಿಕಾಗೊ ಕಡೆಯಿಂದ ಪೂರ್ವಕ್ಕೆ ಕಾರು ಓಡಿಸಿಕೊಂಡು ಹೋದರೆ ಮಿಶಿಗನ್ ಗಡಿ ದಾಟುತ್ತಲೇ ಗಡಿಯಾರ ಒಂದು ಗಂಟೆ ಮುಂದಾಗುತ್ತದೆ. ಅದು ನನಗೆ ಗೊತ್ತಿದ್ದ ವಿಷಯವೇ. ಆದರೂ ಆ ಕಾಲೇಜಿನ ಮೊದಲ ಮೀಟಿಂಗಿಗೆ ನಲವತ್ತು ನಿಮಿಷ ತಡವಾಗಿ ಹೋದೆ. ಇಪ್ಪತ್ತು ವರ್ಷದ ಯೋಜನೆ ಬರೆಯಲು ಬಂದವಳು ಬೆಳಗಿನ ಒಂದು ಗಂಟೆಯ ಲೆಕ್ಕ ತಪ್ಪಿದ್ದಳು. ನನಗೊಂದು ಕಾಫಿ ಕೊಟ್ಟು, ಕ್ಯಾಂಪಸ್ಸಿನ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು.

ಡೆಟ್ರಾಯಿಟಿನ ಪಶ್ಚಿಮಕ್ಕಿರುವ ಒಂದು ಕಮ್ಯುನಿಟಿ ಕಾಲೇಜು ಅದು. ನಾನು ಕೆಲಸ ಮಾಡುತ್ತಿದ್ದದ್ದು ಚಿಕಾಗೊ ಹೊರವಲಯದ ಡೆಸ್ ಪ್ಲೇನ್ಸ್‌ನಲ್ಲಿದ್ದ ಸಣ್ಣ ಪ್ಲಾನಿಂಗ್ ಕಚೇರಿಯಲ್ಲಿ. ಕಾಲೇಜುಗಳಿಗೆ ಮಾಸ್ಟರ್ ಪ್ಲಾನ್ ಮಾಡಿಕೊಡುವುದು ನಮ್ಮ ಕಸುಬು. ಯಾವ ಕಟ್ಟಡ ಉಳಿಯಬೇಕು, ಯಾವುದು ಹೋಗಬೇಕು, ಹೊಸದು ಎಲ್ಲಿ ಏಳಬೇಕು, ಕಾರು ಎಲ್ಲಿ ನಿಲ್ಲಬೇಕು, ಯಾವ ಮರ ಕಡಿಯಬಾರದು, ನೆಲದಡಿಯ ಕೊಳವೆಗಳಲ್ಲಿ ಯಾವುದು ಮೊದಲು ಕೈಕೊಡುತ್ತದೆ, ಇಷ್ಟನ್ನೂ ಒಂದು ಪುಸ್ತಕದಲ್ಲಿ ಬರೆದು ಕೊಡಬೇಕು. ಕರಾರಿಗೆ ಸಹಿ ಬಿದ್ದಾಗ ಎಲ್ಲ ಚೆನ್ನಾಗಿತ್ತು. ಕೆಲಸ ಶುರುವಾಗುವ ಹೊತ್ತಿಗೆ ಬ್ಯಾಂಕುಗಳು ಬಿದ್ದಿದ್ದವು, ಕಾರು ಕಾರ್ಖಾನೆಗಳು ಸಾಲಾಗಿ ಬಾಗಿಲು ಹಾಕುತ್ತಿದ್ದವು. ನಮ್ಮ ಕಚೇರಿಯಲ್ಲಿದ್ದ ಹದಿನಾಲ್ಕು ಜನರಲ್ಲಿ ಆರು ಜನ ಉಳಿದಿದ್ದೆವು. ಹೋಟೆಲಿನ ಖರ್ಚನ್ನೂ ಕಚೇರಿ ನಿಲ್ಲಿಸಿದ್ದರಿಂದ, ಎರಡು ವಾರಕ್ಕೊಮ್ಮೆ ನಾನು ಅಲ್ಲೇ ಹತ್ತಿರದ ಸ್ಕೋಕಿ ಊರಿನ ನನ್ನ ಮನೆಯಿಂದ ಇನ್ನೂರೆಂಬತ್ತು ಮೈಲಿ ಹೋಗಿ, ಕಾಲೇಜಿಗೆ ಹತ್ತಿರದಲ್ಲೇ ಇದ್ದ ನನ್ನ ಚಿಕ್ಕಮ್ಮನ ಮಗಳ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದೆ. ಅವಳು ನನಗಿಂತ ದೊಡ್ಡವಳು, ಮೈಸೂರಿನಲ್ಲಿ ನನ್ನ ಜೊತೆ ಬೆಳೆದ ಅಕ್ಕ. ಅವಳ ಗಂಡ, ನನ್ನ ಭಾವ, ಧಾರವಾಡದವರು. ಬ್ರೇಕಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಹತ್ತೊಂಬತ್ತು ವರ್ಷ ಇಂಜಿನಿಯರ್ ಆಗಿದ್ದು, ಆ ವರ್ಷದ ವಸಂತದಲ್ಲಿ ಕೆಲಸ ಕಳೆದುಕೊಂಡಿದ್ದರು. "ಸದ್ಯಕ್ಕ ಕನ್ಸಲ್ಟಿಂಗ್ ಮಾಡ್ಲಿಕತ್ತೀನಿ" ಎಂದು ಎಲ್ಲರಿಗೂ ಹೇಳುತ್ತಿದ್ದರು. ಬೆಳಿಗ್ಗೆ ಆರು ಗಂಟೆಗೆ ಮುಂಚೆಯೇ ಮನೆ ಬಿಡುತ್ತಿದ್ದರು. ನಾನು ಹೆಚ್ಚು ಕೇಳಲು ಹೋಗಲಿಲ್ಲ.

ನಮ್ಮ ಕೆಲಸದ ವಿಧಾನ ಗೊತ್ತುಪಡಿಸಿದ್ದು. ಮೊದಲು ಕಟ್ಟಡಗಳ ಆರೋಗ್ಯ ನೋಡುತ್ತೇವೆ. ಹನ್ನೊಂದು ಕಟ್ಟಡಗಳಿದ್ದವು. ಒಂದೊಂದರ ಚಾವಣಿ, ಕಿಟಕಿ, ವೈರಿಂಗು, ಹೀಟಿಂಗು ನೋಡಿ ಅಂಕ ಕೊಡಬೇಕು. ಆಮೇಲೆ ಬಳಕೆ. ಯಾವ ಕೋಣೆಯಲ್ಲಿ ಯಾವ ದಿನ ಎಷ್ಟು ಹೊತ್ತಿಗೆ ಎಷ್ಟು ವಿದ್ಯಾರ್ಥಿಗಳು ಎಂಬುದರ ಪೂರ್ತಿ ಪಟ್ಟಿ ರಿಜಿಸ್ಟ್ರಾರ್ ಕಚೇರಿಯಿಂದ ಫೈಲಾಗಿ ಬರುತ್ತದೆ. ಅದನ್ನು ನಕ್ಷೆಯ ಮೇಲೆ ಬಣ್ಣವಾಗಿ ಇಳಿಸುತ್ತೇವೆ. ತುಂಬಿದ್ದಕ್ಕೆ ಹಸಿರು, ಅರ್ಧಂಬರ್ಧಕ್ಕೆ ಹಳದಿ, ಖಾಲಿಗೆ ಕೆಂಪು.

ಈಶಾನ್ಯ ಮೂಲೆಯಲ್ಲಿ ಒಂದೇ ಅಂತಸ್ತಿನ ಹಳೆಯ ಇಟ್ಟಿಗೆ ಕಟ್ಟಡವಿತ್ತು. ಗರಗಸದ ಹಲ್ಲಿನಂಥ ಚಾವಣಿ, ಕೆಳಗೊಂದು ನೆಲಮಾಳಿಗೆ. ಕಾಲೇಜಿನವರು ಅದನ್ನು ಹಳೇ ವರ್ಕ್‌ಶಾಪ್ ಎನ್ನುತ್ತಿದ್ದರು. ಕಟ್ಟಡಗಳಲ್ಲೆಲ್ಲ ಅತಿ ಕಡಿಮೆ ಅಂಕ ಬಿದ್ದದ್ದು ಅದಕ್ಕೇ. ಚಾವಣಿ ಮೂರು ಕಡೆ ಸೋರುತ್ತಿತ್ತು. ರಿಜಿಸ್ಟ್ರಾರ್ ಫೈಲಿನಲ್ಲಿ ಅದರ ಒಂಬತ್ತು ಕೋಣೆಗಳಿಗೆ ಇಡೀ ವಾರದಲ್ಲಿ ಎರಡೇ ತರಗತಿ. ಜುಲೈ ತಿಂಗಳಲ್ಲಿ ನಾನೇ ಹೋಗಿ ಒಳಗೆ ಓಡಾಡಿದ್ದೆ. ದೀಪ ಆರಿತ್ತು, ಕುರ್ಚಿಗಳನ್ನು ಬೆಂಚಿನ ಮೇಲೆ ಮಗುಚಿದ್ದರು, ಎಣ್ಣೆಯ ವಾಸನೆ ಬರುತ್ತಿತ್ತು. ಫಾರಂನಲ್ಲಿ "ಬಳಕೆ: ಇಲ್ಲ" ಎಂದು ಬರೆದು, ನಾಲ್ಕು ಫೋಟೊ ತೆಗೆದುಕೊಂಡು ಬಂದೆ. ನಕ್ಷೆಯಲ್ಲಿ ಆ ಚೌಕಕ್ಕೆ ಕೆಂಪು ಬಣ್ಣ ಹಚ್ಚಿದವಳು ನಾನೇ.

ಕರಡು ಯೋಜನೆಯಲ್ಲಿ ಮೂರನೇ ವರ್ಷ ಹಳೇ ವರ್ಕ್‌ಶಾಪ್ ಕೆಡವುವುದು, ಅದೇ ಜಾಗದಲ್ಲಿ ಐದನೇ ವರ್ಷ ಹೊಸ ವಿಜ್ಞಾನ ಭವನ ಏಳುವುದು ಎಂದು ಬರೆದೆವು. ಗಾಜಿನ ಗೋಡೆಯ ಆ ಭವನದ ಚಿತ್ರವನ್ನು ಪುಸ್ತಕದ ಮುಂಭಾಗದಲ್ಲೇ ಹಾಕಿದೆವು. ಕಾಲೇಜಿನ ಅಧ್ಯಕ್ಷರು ಅದನ್ನು ದೊಡ್ಡದಾಗಿ ಮುದ್ರಿಸಿ ಮುಖ್ಯ ಕಟ್ಟಡದ ಬಾಗಿಲ ಬಳಿ ನಿಲ್ಲಿಸಿದರು. ನಮ್ಮ ಕಚೇರಿಯ ಯಜಮಾನನಿಗೂ ಖುಷಿಯಾಯಿತು. ಅವನು ಒಬ್ಬ ಆರ್ಕಿಟೆಕ್ಟ್. ಯೋಜನೆ ಒಪ್ಪಿಗೆಯಾದರೆ ಭವನದ ವಿನ್ಯಾಸದ ಕೆಲಸ ನಮಗೇ ಬರುವುದು ಬಹುತೇಕ ಖಚಿತವಾಗಿತ್ತು. ಆ ಕಾಲದಲ್ಲಿ ಒಂದು ಕಟ್ಟಡದ ವಿನ್ಯಾಸ ಎಂದರೆ ಆರು ಜನಕ್ಕೆ ಎರಡು ವರ್ಷದ ಬದುಕು.

ಅಕ್ಟೋಬರಿನಲ್ಲಿ, ಕಾಲೇಜಿನ ಆಡಳಿತ ಮಂಡಳಿಯ ಸಭೆಗೆ ಇನ್ನೂ ಐದು ವಾರ ಇರುವಾಗ, ಒಂದು ಭಾನುವಾರ ಮಧ್ಯಾಹ್ನ ಅಕ್ಕನ ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಪ್ರದರ್ಶನಕ್ಕೆ ತಿದ್ದುತ್ತಿದ್ದೆ. ಭಾವ ಚಹಾದ ಕಪ್ಪು ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತರು. ಇಂಜಿನಿಯರ್ ಆದ್ದರಿಂದ ಯಾವ ನಕ್ಷೆ ಕಂಡರೂ ಓದದೆ ಬಿಡುವವರಲ್ಲ.

"ಈ ಕೆಂಪು ಬಣ್ಣ ಅಂದ್ರ ಏನವಾ?"

"ಖಾಲಿ ಅಂತ, ಭಾವ. ಯಾರೂ ಉಪಯೋಗಿಸ್ತಿಲ್ಲ. ಅದನ್ನ ಕೆಡವ್ತಾರೆ."

ಅವರು ಕಪ್ಪನ್ನು ನಕ್ಷೆಯಿಂದ ದೂರ ಇಟ್ಟರು. "ಖಾಲಿ ಅದ ಅಂತ ಯಾರು ಹೇಳಿದ್ರು?"

"ರಿಜಿಸ್ಟ್ರಾರ್ ಆಫೀಸಿನ ಫೈಲಲ್ಲಿದೆ. ನಾನೂ ಹೋಗಿ ನೋಡ್ಕೊಂಡು ಬಂದಿದೀನಿ."

"ಎಷ್ಟು ಗಂಟೆಕ್ಕ ಹೋಗಿದ್ದಿ?"

"ಮಧ್ಯಾಹ್ನ ಎರಡು ಗಂಟೆ ಇರಬೇಕು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಕ್ಕ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು. ಅವಳು ಅವರನ್ನು ನೋಡಿದಳು, ಅವರು ನಕ್ಷೆಯನ್ನು ನೋಡುತ್ತಿದ್ದರು.

"ಹೇಳಿಬಿಡಿ ಅಂದ್ರೆ. ಇವಳೇನು ಹೊರಗಿನವಳಾ?" ಎಂದಳು ಅಕ್ಕ.

"ನಾಳೆ ಮುಂಜಾನೆ ಆರೂವರಿಗೆ ಅಲ್ಲಿ ಬಾ," ಎಂದರು ಭಾವ. "ನಾ ಅಲ್ಲೇ ಇರ್ತೀನಿ. ಜೂನ್‌ದಿಂದ ದಿನಾ ಅಲ್ಲೇ ಇದ್ದೀನಿ. ಬಾಯ್ಲರ್ ಮತ್ತ ಹೀಟಿಂಗ್ ಕ್ಲಾಸು. ಮೂವತ್ತು ಮಂದಿ ಇದ್ದೀವಿ, ಕೂಡ್ಲಿಕ್ಕೆ ಕುರ್ಚಿ ಸಾಲೂದಿಲ್ಲ. ಬಾಜೂ ಕೋಣ್ಯಾಗ ವೆಲ್ಡಿಂಗ್ ನಡೀತದ. ಅವರು ನಮಗಿಂತ ಜಾಸ್ತಿ ಅದಾರ."

ಮೆಟ್ಟಿಲ ಮೇಲಿಂದ ಅವರ ಮಗಳ ದನಿ ಬಂತು. ಹೈಸ್ಕೂಲಿನ ಹುಡುಗಿ. "ವೇಟ್, ಯೂ ಗೋ ಟು ಕಾಲೇಜ್?"

"ಹೂಂ," ಎಂದರು ಭಾವ, ತಲೆ ಎತ್ತದೆ.

"ಸಿನ್ಸ್ ಜೂನ್?"

"ಸಿನ್ಸ್ ಜೂನ್."

ಅವಳು ಕೆಳಗಿಳಿದು ಬಂದು, ಕುರ್ಚಿ ಎಳೆದುಕೊಂಡು ನಕ್ಷೆಯ ಮುಂದೆ ಕೂತಳು. "ವಿಚ್ ಒನ್ ಈಸ್ ಯುವರ್ಸ್?" ಎಂದಳು. ಭಾವ ಬೆರಳಿಟ್ಟು ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಕೂಟದಾಗ ಮಾತ್ರ ಸದ್ಯಕ್ಕ ಯಾರಿಗೂ ಹೇಳಬ್ಯಾಡ," ಎಂದರು. ಕನ್ನಡ ಕೂಟದಲ್ಲಿ ಅವರು ಎರಡು ವರ್ಷ ಕಾರ್ಯದರ್ಶಿಯಾಗಿದ್ದವರು.

ಸೋಮವಾರ ಬೆಳಿಗ್ಗೆ ಆರೂಕಾಲಿಗೆ ಹೋದೆ. ಮೂವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ಕೈ ಮರಗಟ್ಟುವ ಚಳಿ. ವರ್ಕ್‌ಶಾಪಿನ ಹಿಂದಿನ ಪಾರ್ಕಿಂಗ್ ಜಾಗ ತುಂಬಿ, ಹುಲ್ಲಿನ ಮೇಲೂ ಟ್ರಕ್ಕುಗಳು ನಿಂತಿದ್ದವು. ಆ ಪಾರ್ಕಿಂಗನ್ನೂ ನಾನು ಹಿಂದೆ ಎಣಿಸಿದ್ದೆ, ಎಲ್ಲ ಕಾಲೇಜುಗಳಲ್ಲಿ ಮಾಡುವಂತೆ ಬೆಳಿಗ್ಗೆ ಹತ್ತು ಗಂಟೆಗೆ. ಆ ಹೊತ್ತಿಗೆ ಇವರೆಲ್ಲ ಹೊರಟುಹೋಗಿರುತ್ತಿದ್ದರು. ಒಳಗೆ ಹೋದರೆ ಒಂಬತ್ತು ಕೋಣೆಗಳಲ್ಲಿ ಏಳರಲ್ಲಿ ದೀಪ ಉರಿಯುತ್ತಿತ್ತು. ಬಾಗಿಲ ಪಕ್ಕದ ಬಿಳಿ ಹಲಗೆಯ ಮೇಲೆ ಕೈಬರಹದಲ್ಲಿ ವೇಳಾಪಟ್ಟಿ. ಅದರ ಮುಂದೆ ನಿಂತು ನಾನು ಬರೆದುಕೊಳ್ಳುತ್ತಿದ್ದಾಗ ಬಾಯ್ಲರ್ ತರಗತಿಯ ಮೇಷ್ಟ್ರು ಹತ್ತಿರ ಬಂದರು.

"ಕೆಡವೋಕೆ ಬಂದಿರೋರು ನೀವೇನಾ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಎಣಿಸೋಕೆ ಬಂದಿದೀನಿ," ಎಂದೆ.

"ನಾಲ್ಕು ತಿಂಗಳು ಲೇಟು," ಎಂದು ಹೇಳಿ ಅವರು ಒಳಗೆ ಹೋದರು.

ಆಗಿದ್ದೇನೆಂದರೆ, ಕೆಲಸ ಕಳೆದುಕೊಂಡವರಿಗೆ ಹೊಸ ಕಸುಬು ಕಲಿಸುವ ಈ ತರಗತಿಗಳಿಗೆ ಪದವಿಗೆ ಲೆಕ್ಕವಾಗುವ ಕ್ರೆಡಿಟ್ ಇಲ್ಲ. ಅವನ್ನು ನಡೆಸುವುದು ಬೇರೆ ವಿಭಾಗ. ರಿಜಿಸ್ಟ್ರಾರ್ ಫೈಲಿಗೆ ಅವು ಹೋಗುವುದೇ ಇಲ್ಲ. ನಾವು "ಎಲ್ಲ ತರಗತಿಗಳ ಪಟ್ಟಿ" ಎಂದು ಕೇಳಿದ್ದೆವು. ಅವರ ಪಾಲಿಗೆ ಎಲ್ಲ ತರಗತಿಗಳು ಎಂದರೆ ಕ್ರೆಡಿಟ್ ಇರುವ ತರಗತಿಗಳು. ಯಾರೂ ಸುಳ್ಳು ಹೇಳಿರಲಿಲ್ಲ. ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ನಾನು ಕೇಳಿರಲಿಲ್ಲ.

ಎಂಟು ಗಂಟೆಗೆ ಕಾಲೇಜಿನ ಕಟ್ಟಡಗಳ ಮುಖ್ಯಸ್ಥೆಯ ಕೋಣೆಗೆ ಹೋಗಿ ಹೇಳಿದೆ. ಆಕೆ ಹಿಂದಿನ ವರ್ಷವಷ್ಟೇ ಈ ಹುದ್ದೆಗೆ ಬಂದಿದ್ದವರು. ಮಾತು ಕಡಿಮೆ, ಕೆಲಸ ಚುರುಕು.

"ನೀವು ಕೇಳಿದ ಫೈಲು ನಾವು ಕೊಟ್ಟಿದೀವಿ," ಎಂದರು ಮೊದಲು.

"ಹೌದು. ತಪ್ಪು ನನ್ನದು."

ಅದಕ್ಕೆ ಅವರು ಸಿದ್ಧರಿರಲಿಲ್ಲವೆಂದು ಕಾಣುತ್ತದೆ. ಮೇಜಿನ ಮೇಲಿದ್ದ ಫೈಲನ್ನು ಪಕ್ಕಕ್ಕೆ ಸರಿಸಿದರು. "ಸರಿ, ಎಲ್ಲಾ ಕಟ್ಟಡಾನೂ ಮತ್ತೆ ಎಣಿಸೋಣ. ಈ ಸಲ ಫೈಲು ಬೇಡ," ಎಂದರು.

ಒಂದು ವಾರ ಎಣಿಸಿದೆವು. ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ, ಗಂಟೆಗೊಮ್ಮೆ, ಶನಿವಾರವೂ ಸೇರಿ. ಪಶ್ಚಿಮದ ಕಟ್ಟಡಗಳು ಅವರಿಗೆ, ಪೂರ್ವದವು ನನಗೆ. ಕೈಯಲ್ಲಿ ಕ್ಲಿಪ್‌ಬೋರ್ಡು, ಬಾಗಿಲ ಗಾಜಿನಿಂದ ಇಣುಕಿ ತಲೆ ಎಣಿಸುವುದು, ಬರೆಯುವುದು, ಮುಂದಿನ ಕೋಣೆಗೆ ಹೋಗುವುದು. ಮೂರನೇ ದಿನದ ಹೊತ್ತಿಗೆ ನನ್ನ ಹಿಮ್ಮಡಿ ಬೊಬ್ಬೆ ಎದ್ದಿತ್ತು. ಮುಖ್ಯಸ್ಥೆ ತಮ್ಮ ಕಾರಿನಿಂದ ಇನ್ನೊಂದು ಜೊತೆ ಶೂ ತಂದುಕೊಟ್ಟರು, ಅಳತೆಯಲ್ಲಿ ಅರ್ಧ ಸೈಜು ದೊಡ್ಡದು. ಇಪ್ಪತ್ನಾಲ್ಕು ಜನರ ಬಾಯ್ಲರ್ ಕೋಣೆಯಲ್ಲಿ ಮೂವತ್ತೊಂದು ಜನರಿದ್ದರು. ಹಿಂದಿನ ಸಾಲಿನಲ್ಲಿ ಕಿಟಕಿಕಟ್ಟೆಗೆ ಒರಗಿ, ಕೋಟು ಹಾಕಿಕೊಂಡೇ ಭಾವ ಬರೆದುಕೊಳ್ಳುತ್ತಿದ್ದರು. ನಾನು ಅವರನ್ನೂ ಒಂದು ತಲೆ ಎಂದು ಬರೆದುಕೊಂಡು ಮುಂದೆ ಹೋದೆ.

ಅದೇ ವಾರ ಮುಖ್ಯಸ್ಥೆ ನನ್ನನ್ನು ವರ್ಕ್‌ಶಾಪಿನ ನೆಲಮಾಳಿಗೆಗೆ ಕರೆದುಕೊಂಡು ಹೋದರು. ಪೂರ್ವ ದಿಕ್ಕಿನ ಮೂರು ಕಟ್ಟಡಗಳಿಗೆ ಹೋಗುವ ಬಿಸಿನೀರಿನ ದಪ್ಪ ಕೊಳವೆ ಆ ನೆಲಮಾಳಿಗೆಯ ಮೂಲಕವೇ ಹಾಯ್ದಿತ್ತು. ನಮ್ಮ ನಕ್ಷೆಯಲ್ಲಿ ಅದು ಹೊರಗೆ ರಸ್ತೆಯ ಪಕ್ಕದಲ್ಲಿತ್ತು. ಕರಡಿನಲ್ಲಿ ಬರೆದಂತೆ ಕಟ್ಟಡ ಕೆಡವಿದ್ದರೆ ಮೂರು ಕಟ್ಟಡಗಳು ಚಳಿಗಾಲದಲ್ಲಿ ತಣ್ಣಗಾಗುತ್ತಿದ್ದವು.

ಎಣಿಕೆಯ ಫಲ ಸರಳವಾಗಿತ್ತು. ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ, ಮತ್ತೆ ಶನಿವಾರ ಇಡೀ ದಿನ, ಕ್ಯಾಂಪಸ್ಸಿನಲ್ಲಿ ಎಲ್ಲಕ್ಕಿಂತ ತುಂಬಿದ ಕಟ್ಟಡ ಹಳೇ ವರ್ಕ್‌ಶಾಪು. ಮುಖ್ಯ ಕಟ್ಟಡದ ವಿಜ್ಞಾನ ಪ್ರಯೋಗಾಲಯಗಳು ಶುಕ್ರವಾರ ಮಧ್ಯಾಹ್ನದ ನಂತರ ಬರಿದಾಗಿರುತ್ತಿದ್ದವು.

ಡೆಸ್ ಪ್ಲೇನ್ಸಿಗೆ ಮರಳಿ ಎಣಿಕೆಯ ಹಾಳೆಗಳನ್ನು ಯಜಮಾನನ ಮುಂದಿಟ್ಟೆ. ಅವನು ಕೂಗಾಡುವ ಮನುಷ್ಯನಲ್ಲ. ಒಂದೊಂದೇ ಹಾಳೆ ತಿರುವಿ ನೋಡಿದ. ಕಿಟಕಿಯ ಹೊರಗೆ ಓಹೇರ್ ವಿಮಾನ ನಿಲ್ದಾಣದ ಕಡೆಗೆ ವಿಮಾನಗಳು ಇಳಿಯುತ್ತಿದ್ದವು.

"ಇದು ನಿಜ ಅಂತ ಒಪ್ಕೋತೀನಿ," ಎಂದ. "ಆದರೆ ಇದು ಕೆಟ್ಟ ಕಾಲದ ಗುಂಪು. ಕಾರ್ಖಾನೆಗಳು ಮತ್ತೆ ಶುರುವಾದ ದಿನ ಇವರೆಲ್ಲ ಕೆಲಸಕ್ಕೆ ಹೋಗ್ತಾರೆ, ಈ ಕೋಣೆಗಳು ಖಾಲಿಯಾಗ್ತವೆ. ಆಗ ಸೋರೋ ಚಾವಣಿಯ ಕಟ್ಟಡ ಕಾಲೇಜಿನ ಕುತ್ತಿಗೆಗೆ ಉಳಿಯುತ್ತೆ. ಇಪ್ಪತ್ತು ವರ್ಷದ ಯೋಜನೆನ ಒಂದು ವಾರದ ಎಣಿಕೆ ಮೇಲೆ ನಿಲ್ಲಿಸ್ತೀಯಾ?"

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಕಟ್ಟಡ ಉಳಿಸಿ ಎಂದು ಬರೆದರೆ ಈ ವರ್ಷವನ್ನು ಇಪ್ಪತ್ತು ವರ್ಷಕ್ಕೆ ಹಿಗ್ಗಿಸಿದಂತೆ. ಕೆಡವಿ ಎಂದು ಬರೆದರೆ ಈ ವರ್ಷ ಇಲ್ಲವೇ ಇಲ್ಲ ಎಂದಂತೆ. ಎರಡು ದಿನ ಆ ಪುಸ್ತಕವನ್ನೇ ತಿರುವುತ್ತಾ ಕೂತೆ. ಮೊದಲನೇ ವರ್ಷ ಇದು, ಮೂರನೇ ವರ್ಷ ಅದು, ಐದನೇ ವರ್ಷ ಮತ್ತೊಂದು ಎಂದು ಪ್ರತಿ ಪುಟದಲ್ಲೂ ಇಸವಿಗಳಿದ್ದವು. ಮುಂದೆ ಏನಾಗುತ್ತದೆಂದು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ನಾವು ತಾರೀಖು ಬರೆದಿದ್ದೆವು.

ಮೂರನೇ ದಿನ ಇಸವಿಗಳನ್ನು ತೆಗೆದುಹಾಕಲು ಶುರು ಮಾಡಿದೆ. ಅವುಗಳ ಜಾಗದಲ್ಲಿ ಷರತ್ತು ಬರೆದೆ. ಪ್ರತಿ ವರ್ಷ ಶರತ್ಕಾಲದಲ್ಲಿ ಒಂದು ವಾರ, ಎಲ್ಲ ಹೊತ್ತಿನಲ್ಲೂ, ಎಲ್ಲ ವಿಭಾಗದ ತರಗತಿಗಳನ್ನೂ ಕಣ್ಣಾರೆ ಎಣಿಸಬೇಕು. ವರ್ಕ್‌ಶಾಪಿನ ಅರ್ಧಕ್ಕಿಂತ ಹೆಚ್ಚು ಕೋಣೆಗಳು ಬಳಕೆಯಲ್ಲಿ ಇರುವತನಕ ಕಟ್ಟಡ ಇರುತ್ತದೆ. ಎರಡು ವರ್ಷ ಸತತವಾಗಿ ಅದಕ್ಕಿಂತ ಕಡಿಮೆಯಾದರೆ ಕೆಡವಬಹುದು. ಈಗಿರುವ ಪ್ರಯೋಗಾಲಯಗಳು ಶುಕ್ರವಾರವೂ ತುಂಬಿದ ಮೇಲೆ ಮಾತ್ರ ಹೊಸ ವಿಜ್ಞಾನ ಭವನದ ಮಾತು. ಎಲ್ಲಕ್ಕಿಂತ ಮೊದಲು ಚಾವಣಿ ರಿಪೇರಿ, ಮತ್ತು ಬಿಸಿನೀರಿನ ಕೊಳವೆಯನ್ನು ನೆಲಮಾಳಿಗೆಯಿಂದ ಹೊರಕ್ಕೆ ತಿರುಗಿಸುವುದು. ಗಾಜಿನ ಭವನದ ಚಿತ್ರ ಪುಸ್ತಕದ ಕೊನೆಗೆ ಹೋಯಿತು.

ಯಜಮಾನ ಓದಿ ಮುಗಿಸಿದ. "ಇದು ಹೀಗೇ ಹೋದರೆ ವಿನ್ಯಾಸದ ಕೆಲಸ ನಮಗೆ ಬರಲ್ಲ. ಆಗ ನಿನಗೆ ಕೊಡೋಕೆ ನನ್ನ ಹತ್ತಿರ ಕೆಲಸ ಇರಲ್ಲ. ಗೊತ್ತಿದೆ ತಾನೆ?"

"ಗೊತ್ತಿದೆ."

ಸಂಜೆ ಮನೆಗೆ ಹೋಗಿ ನನ್ನ ಗಂಡನಿಗೆ ಹೇಳಿದೆ. ಅವರು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವರು, ಅಂಕಿಸಂಖ್ಯೆಯಲ್ಲೇ ಬದುಕುವವರು. ಅವರು ಕೇಳಿದ್ದು ಒಂದೇ: "ಎಣಿಕೆ ಸರಿ ಇದೆಯಾ?"

"ಸರಿ ಇದೆ."

"ಹಂಗಿದ್ರೆ ಇನ್ನೇನು ಯೋಚನೆ? ಊಟಕ್ಕೆ ಬಾ."

ಮರುದಿನ ಯಜಮಾನ ಸಹಿ ಹಾಕಿದ. ಹಾಕುವಾಗ, "ಮಂಡಳಿ ಮುಂದೆ ನೀನೇ ಹೇಳಬೇಕು. ಮೊದಲು ತಪ್ಪಾಗಿತ್ತು ಅನ್ನೋದನ್ನೂ ನೀನೇ ಹೇಳಬೇಕು," ಎಂದ.

ಹೇಳಿದೆ. ಏಳು ಜನ ಸದಸ್ಯರು, ಗೋಡೆಯ ಮೇಲೆ ಎರಡು ನಕ್ಷೆ, ಒಂದರಲ್ಲಿ ಆ ಚೌಕ ಕೆಂಪು, ಇನ್ನೊಂದರಲ್ಲಿ ಹಸಿರು. ಕೆಂಪು ಬಣ್ಣ ಹಚ್ಚಿದ್ದು ನಾನು, ಮಧ್ಯಾಹ್ನ ಎರಡು ಗಂಟೆಗೆ ಒಮ್ಮೆ ಮಾತ್ರ ಹೋಗಿ ನೋಡಿದ್ದೆ ಎಂದು ಶುರು ಮಾಡಿದೆ. ಕಾಲೇಜಿನ ಅಧ್ಯಕ್ಷರ ಮುಖ ಗಂಟಿಕ್ಕಿತು. ಒಬ್ಬ ಸದಸ್ಯರು, "ನಾಲ್ಕು ತಿಂಗಳ ಹಿಂದೆ ತಪ್ಪಿದವರು ಈಗ ತಪ್ಪಿಲ್ಲ ಅಂತ ಹೇಗೆ ನಂಬೋದು?" ಎಂದು ಕೇಳಿದರು.

"ನಂಬಬೇಡಿ," ಎಂದೆ. "ಪ್ರತಿ ವರ್ಷ ನೀವೇ ಎಣಿಸಿ. ಯೋಜನೆಯಲ್ಲಿ ಅದನ್ನೇ ಬರೆದಿದೀನಿ."

ಮುಖ್ಯಸ್ಥೆ ಎದ್ದು, ಎಣಿಕೆಯ ಅರ್ಧ ಹಾಳೆಗಳು ತಮ್ಮವೆಂದು ಹೇಳಿ ಕೂತರು. ಮತ ಹಾಕಿದಾಗ ನಾಲ್ಕು ಪರವಾಗಿ, ಮೂರು ವಿರುದ್ಧ.

ಫೆಬ್ರವರಿಯಲ್ಲಿ ನನ್ನ ಕೆಲಸ ಹೋಯಿತು. ಯಜಮಾನ ಶಿಫಾರಸು ಪತ್ರವನ್ನು ತಾನೇ ಕೂತು ಬರೆದುಕೊಟ್ಟ, ಕಾರಿನತನಕ ನನ್ನ ಸಾಮಾನಿನ ಡಬ್ಬ ಹೊತ್ತು ತಂದ. ಮರುವರ್ಷ ಆ ಕಚೇರಿಯೂ ಮುಚ್ಚಿತು. ವಿನ್ಯಾಸದ ಕೆಲಸ ಸಿಕ್ಕಿದ್ದರೆ ಮುಚ್ಚುತ್ತಿರಲಿಲ್ಲವೇನೋ. ಅದು ನನಗೆ ಗೊತ್ತಿಲ್ಲ, ಗೊತ್ತಿಲ್ಲ ಎಂದುಕೊಂಡೇ ಇದ್ದೇನೆ. ಎಂಟು ತಿಂಗಳು ಮನೆಯಲ್ಲಿದ್ದು, ಆಮೇಲೆ ಒಂದು ಉಪನಗರದ ಪುರಸಭೆಯಲ್ಲಿ ಅರ್ಧ ದಿನದ ಕೆಲಸಕ್ಕೆ ಸೇರಿದೆ.

ಭಾವ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ತೆಗೆದುಕೊಂಡು, ಒಂದು ಆಸ್ಪತ್ರೆಯ ಬಾಯ್ಲರ್ ವಿಭಾಗಕ್ಕೆ ಸೇರಿದರು. ಕೂಟಕ್ಕೆ ಸುದ್ದಿ ತಿಳಿದದ್ದು ಒಂದು ಸಂಕ್ರಾಂತಿ ಕಾರ್ಯಕ್ರಮದಲ್ಲಿ. ಬಾಡಿಗೆಯ ಸಭಾಂಗಣದಲ್ಲಿ ಹೀಟಿಂಗ್ ಕೆಟ್ಟು, ರೇಷ್ಮೆ ಸೀರೆಯ ಮೇಲೆ ಹೆಂಗಸರೆಲ್ಲ ಜಾಕೆಟ್ ಹಾಕಿಕೊಂಡು ಕೂತಿದ್ದರಂತೆ. ಭಾವ ಕೋಟು ಬಿಚ್ಚಿ ಅಕ್ಕನ ಕೈಗೆ ಕೊಟ್ಟು ಕೆಳಗಿನ ಬಾಯ್ಲರ್ ಕೋಣೆಗೆ ಹೋದರು. ಅರ್ಧ ಗಂಟೆಯಲ್ಲಿ ಸಭಾಂಗಣ ಬೆಚ್ಚಗಾಯಿತು. "ಎಲ್ಲಿ ಕಲಿತ್ರಿ ಇದನ್ನ?" ಎಂದು ಯಾರೋ ಅಂಕಲ್ ಕೇಳಿದರಂತೆ. "ಕಾಲೇಜಿನಾಗ. ಕೆಲಸ ಹೋದ ಮ್ಯಾಲೆ," ಎಂದು ಹೇಳಿ ಎಳ್ಳುಬೆಲ್ಲ ತೆಗೆದುಕೊಂಡರಂತೆ.

ಕೆಲವು ವರ್ಷಗಳ ನಂತರ ಮುಖ್ಯಸ್ಥೆಯಿಂದ ನನಗೊಂದು ಪತ್ರ ಬಂತು. ಹಿಂದಿನ ಶರತ್ಕಾಲದ ಎಣಿಕೆಯಲ್ಲಿ ವರ್ಕ್‌ಶಾಪು ಅರ್ಧಕ್ಕಿಂತ ಕೆಳಗೆ ಬಂದಿದೆ, ಇದು ಎರಡನೇ ವರ್ಷ, ಈ ಸಲ ಹೊರಗಿನವರೊಬ್ಬರು ಎಣಿಸಿದರೆ ಒಳ್ಳೆಯದೆಂದು ಮಂಡಳಿ ಬಯಸಿದೆ, ಬರುತ್ತೀರಾ? ರಜೆ ಹಾಕಿ ಹೋದೆ. ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ, ಒಂದು ವಾರ, ಒಬ್ಬಳೇ ಓಡಾಡಿದೆ. ಕಾರ್ಖಾನೆಗಳು ಮತ್ತೆ ನಡೆಯುತ್ತಿದ್ದವು. ಹಿಂದಿನ ಪಾರ್ಕಿಂಗ್ ಜಾಗದಲ್ಲಿ ಬೇಕಾದಲ್ಲಿ ಕಾರು ನಿಲ್ಲಿಸಬಹುದಿತ್ತು. ಒಂಬತ್ತು ಕೋಣೆಗಳಲ್ಲಿ ಮೂರರಲ್ಲಿ ಮಾತ್ರ ತರಗತಿ. ಚಾವಣಿ ಸೋರುತ್ತಿರಲಿಲ್ಲ. ಬಿಸಿನೀರಿನ ಕೊಳವೆ ಹೊರಗೆ ಹೋಗಿತ್ತು. ನಾನು ಬರೆದ ಷರತ್ತಿನ ಪ್ರಕಾರ ಇನ್ನು ಕೆಡವಬಹುದಿತ್ತು.

ವರದಿ ಬರೆಯುವ ಮುಂಚೆ ಭಾವನಿಗೆ ಫೋನು ಮಾಡಿದೆ. ಕೇಳಬೇಕಾದ ಅಗತ್ಯವೇನೂ ಇರಲಿಲ್ಲ.

"ಭಾವ, ಅರ್ಧಕ್ಕಿಂತ ಕಡಿಮೆ ಇದೆ."

ಆ ಕಡೆ ಯಂತ್ರದ ಸದ್ದು ಕೇಳುತ್ತಿತ್ತು. "ಬಾಯ್ಲರ್ ಕ್ಲಾಸಿನಾಗ ಎಷ್ಟು ಮಂದಿ ಅದಾರ?"

"ಹನ್ನೊಂದು ಜನ."

"ಕಡಿಮಿ ಇದ್ರ ಕಡಿಮಿ ಅಂತನ ಬರಿ," ಎಂದರು. "ಆದ್ರ ಆ ಹನ್ನೊಂದು ಮಂದಿ ಎಲ್ಲಿ ಹೋಗಬೇಕು ಅನ್ನೋದನ್ನ ಮೊದಲ ಬರಿ. ಕೆಡವೂ ಮಾತು ಆಮ್ಯಾಲೆ."

ಮುಖ್ಯಸ್ಥೆಯ ಜೊತೆ ಕೂತು ಒಂದು ಮಧ್ಯಾಹ್ನವೆಲ್ಲ ಹುಡುಕಿದೆ. ದಕ್ಷಿಣದ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ಗಾಳಿ ಬೆಳಕು ಇರುವ, ಬಾಯ್ಲರ್ ಇಳಿಸಲು ಅಗಲ ಬಾಗಿಲಿರುವ ಒಂದು ಕೋಣೆ ಸಿಕ್ಕಿತು, ಉಳಿದ ಎರಡು ತರಗತಿಗಳಿಗೂ ಅದರ ಪಕ್ಕದಲ್ಲೇ ಜಾಗವಿತ್ತು. ವರದಿಯ ಮೊದಲ ಪ್ಯಾರಾದಲ್ಲಿ ಆ ಕೋಣೆಗಳ ನಂಬರು ಬರೆದೆ. ಎರಡನೆಯದರಲ್ಲಿ, ಹಳೇ ವರ್ಕ್‌ಶಾಪನ್ನು ಕೆಡವಬಹುದು ಎಂದು ಬರೆದು ಸಹಿ ಹಾಕಿದೆ.